ಸೌತ್ ಆಸ್ಟ್ರೇಲಿಯಾದ ಬೆಂಕಿ ಆರ್ಸೋರ ರೇಡಿಯೋಲಿ "ಬರ್ನ್‌ಸೈಡ್ 34ಪಿ" ಅಂತಾರಲ್ಲ, ಏನು ಹಂಗಂದ್ರೆ?

ಅದು ಗಾಡಿ ಹೆಸರು ಗುರು, ಮನುಷ್ಯರದ್ದಲ್ಲ. ಅಲ್ಲಿ ಹಳ್ಳಿ ಕಡೆ ಬೆಂಕಿ ಆರ್ಸೋದು ಸಿಎಫ್ಎಸ್, ಅಂದ್ರೆ ಕಂಟ್ರಿ ಫೈರ್ ಸರ್ವಿಸ್, ಹೆಚ್ಚುಕಮ್ಮಿ ಎಲ್ರೂ ಸಂಬಳ ಇಲ್ದೆ ಬರೋ ವಾಲಂಟಿಯರ್ಸ್. ಗಾಡೀಲಿ ಯಾರಿದ್ರೂ ರೇಡಿಯೋಲಿ ಗಾಡಿನೇ ಮಾತಾಡುತ್ತೆ ಅಂತಿಟ್ಕೊಳ್ಳಿ.

ಮೊದ್ಲು ಊರು, ಅಂದ್ರೆ ಬರ್ನ್‌ಸೈಡ್. ಆಮೇಲೆ 3 ಅಂದ್ರೆ ಸುಮಾರು 3000 ಲೀಟರ್ ನೀರು, 4 ಅಂದ್ರೆ ಫೋರ್ ವೀಲ್ ಡ್ರೈವ್, ಪಿ ಅಂದ್ರೆ ಪಂಪರ್, ಮನೆಗೆ ಬೆಂಕಿ ಬಿದ್ರೂ ನಿಭಾಯಿಸೋ ದೊಡ್ಡ ಪಂಪು. ಹಂಗೇ 24 ಅಂದ್ರೆ 2000 ಲೀಟರ್. ಕಾಡುದಾರೀಲಿ ಆ ಟ್ಯಾಂಕರ್ ಹೋಗುತ್ತಾ, ನೀರು ಎಷ್ಟು ಹೊತ್ತು ಬರುತ್ತೆ, ಹೆಸರು ಕೇಳಿದ್ರೇ ಗೊತ್ತಾಗುತ್ತೆ, ಸಖತ್ ಐಡಿಯಾ ನನ್ ಪ್ರಕಾರ.

ಆದ್ರೆ ಪಕ್ಕದ ರಾಜ್ಯ ನ್ಯೂ ಸೌತ್ ವೇಲ್ಸ್‌ಗೆ ಈ ಲೆಕ್ಕ ತಗೊಂಡೋಗ್ಬೇಡಿ, ಅಲ್ಲಿ ನಂಬರ್ ಅಂದ್ರೆ ಕ್ಯಾಟಗರಿ: 1 ದೊಡ್ಡ ಟ್ಯಾಂಕರ್, 7 ಅದಕ್ಕಿಂತ ಚಿಕ್ಕದು, 9 ಲ್ಯಾಂಡ್ ಕ್ರೂಸರ್ ಥರದ ಪುಟ್ಟ ಗಾಡಿ. ಈ ಮೂರರಲ್ಲಿ ನಂಬರ್ ಏರಿದ್ರೆ ನೀರು ಇಳಿಯುತ್ತೆ, ಉಲ್ಟಾ!