ಕ್ಯಾಂಪಿಂಗ್ ಟ್ರೇಲರ್‌ಗೆ ಬಿಚ್ಚಿ ಕೂಡಿಸುವ ಸ್ಟೀಲ್ ರ್‍ಯಾಕ್ ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮೆಲ್ಬರ್ನ್‌ನಲ್ಲಿದ್ದೀರಿ. ಮನೆಯಲ್ಲಿ 6×4 ಅಡಿಯ ಹಳೆಯ ಬಾಕ್ಸ್ ಟ್ರೇಲರ್ ಇದೆ. ಅದರ ಮೇಲೆ ರೂಫ್‌ಟಾಪ್ ಟೆಂಟ್ ಕೂರಿಸಿ ಮನೆಮಂದಿಯೆಲ್ಲ ಕ್ಯಾಂಪಿಂಗ್ ಹೋಗಬೇಕು. ಊರಿಗೆ ಬಂದ ಮೇಲೆ ಅದೇ ಟ್ರೇಲರ್‌ನಲ್ಲಿ ತೋಟಕ್ಕೆ ಮಣ್ಣು ತರಬೇಕು, ಟಿಪ್‌ಗೆ (ಊರಿನ ಕಸ ಹಾಕುವ ಜಾಗ) ಕಸ ಒಯ್ಯಬೇಕು. ಹಾಗಾಗಿ ರ್‍ಯಾಕ್ ಬಿಚ್ಚುವಂತಿರಬೇಕು. ಯಾವ ಪೈಪ್ ತಗೊಳ್ಳಲಿ, ಕೆಳಗೆ ನಿಂತು ಅಡುಗೆ ಮಾಡುವಷ್ಟು ಎತ್ತರ ಮಾಡಲೇ ಅಂತ ಕೇಳಿದ್ದೀರಿ.

ನಾನೂ ಮೆಲ್ಬರ್ನ್‌ನಲ್ಲೇ ಇದ್ದೇನೆ. ಇಂಥದೇ ಟ್ರೇಲರ್‌ಗೆ ಎರಡು ಸಲ ರ್‍ಯಾಕ್ ಮಾಡಿದ್ದೇನೆ. ಮೊದಲನೆಯದು ಒಂದೇ ಪ್ರವಾಸಕ್ಕೆ ಹಾಳಾಯಿತು. ಎರಡನೆಯದು ಇವತ್ತಿಗೂ ಗಟ್ಟಿಯಾಗಿದೆ. ಎರಡಕ್ಕೂ ಪೈಪ್ ಒಂದೇ, ವೆಲ್ಡಿಂಗ್ ಮೆಷಿನ್ ಒಂದೇ. ಬೇರೆಯಾಗಿದ್ದು ರ್‍ಯಾಕ್‌ನ ಕಾಲುಗಳು ಟ್ರೇಲರ್‌ಗೆ ಕೂರುವ ಜಾಗ, ಅಷ್ಟೇ. ಎಲ್ಲರೂ ಮೇಲಿನ ಚೌಕಟ್ಟಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಬಿಚ್ಚುವ ರ್‍ಯಾಕ್‌ನ ಕಷ್ಟವೆಲ್ಲ ಇರುವುದು ಆ ನಾಲ್ಕು ಕೂಡುಗಳಲ್ಲಿ.

ನಮ್ಮೂರು ಧಾರವಾಡದ ಕಡೆ. ಚಕ್ಕಡಿಯಲ್ಲಿ ಮೇವು ಹೇರುವಾಗ ಬದಿಗೆ ಗೂಟ ಸಿಕ್ಕಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಗೂಟ ಕಿತ್ತು ಮೂಲೆಗಿಡುತ್ತಿದ್ದರು. ಗೂಟ ಸಡಿಲವಾಗಿ ಅಲ್ಲಾಡಿದರೆ ಪಕ್ಕಕ್ಕೊಂದು ಬೆಣೆ ಹೊಡೆಯುತ್ತಿದ್ದರು. ನಿಮಗೆ ಬೇಕಾಗಿರುವುದೂ ಇದೇ. ಸಲೀಸಾಗಿ ಇಳಿಯುವ ಕಾಲು, ಇಳಿದ ಮೇಲೆ ಅಲ್ಲಾಡದ ಹಾಗೆ ಒಂದು ಬೆಣೆ.

ನನ್ನ ಮೊದಲ ರ್‍ಯಾಕ್‌ನಲ್ಲಿ ಬೆಣೆ ಇರಲಿಲ್ಲ. ಕಾಲನ್ನು ಸಾಕೆಟ್ (ಟ್ರೇಲರ್‌ಗೆ ಕೂರಿಸಿದ, ಕಾಲಿಗಿಂತ ದೊಡ್ಡ ಪೈಪ್ ತುಂಡು) ಒಳಗೆ ಇಳಿಸಿ ಅಡ್ಡಲಾಗಿ ಒಂದು ಪಿನ್ ಹಾಕಿದ್ದೆ. ಊರೊಳಗೆ ಸರಿಯಾಗೇ ಇತ್ತು. ಆಮೇಲೆ ಮಿಲ್ಡುರಾದಿಂದ ಮಂಗೊ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಸುಮಾರು 110 ಕಿಲೋಮೀಟರ್, ಆಗ ಬಹುಪಾಲು ಮಣ್ಣು ರಸ್ತೆ. ಅಲ್ಲಿ ಮಣ್ಣು ಸಾಲು ಸಾಲಾಗಿ ಅಲೆ ಕಟ್ಟಿಕೊಂಡಿರುತ್ತದೆ. ಗಾಡಿ ನಿಮಿಷಕ್ಕೆ ನೂರಾರು ಸಲ ಅದುರುತ್ತದೆ. ಹಿಂದೆ ನೋಡಿದರೆ ಟೆಂಟ್ ಎಡಕ್ಕೆ ಬಲಕ್ಕೆ ತೂಗಾಡುತ್ತಿತ್ತು. ನಿಲ್ಲಿಸಿ ನೋಡಿದೆ. ದುಂಡಗಿದ್ದ ಪಿನ್ ರಂಧ್ರಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಒಂದು ಪಿನ್ನಿನ ಕ್ಲಿಪ್ ಎಲ್ಲೋ ಬಿದ್ದುಹೋಗಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಟೆಂಟನ್ನು ಹಗ್ಗದಲ್ಲಿ ಬಿಗಿದು ನಿಧಾನಕ್ಕೆ ವಾಪಸ್ ಬಂದೆವು. ಪಿನ್ ಕಾಲನ್ನು ಹಾರಿಹೋಗದಂತೆ ಹಿಡಿಯುತ್ತದೆ, ಅಲ್ಲಾಡದಂತೆ ಹಿಡಿಯುವುದಿಲ್ಲ. ಇದು ನನಗೆ ಅವತ್ತು ತಿಳಿಯಿತು.

ಈಗಿನದು ಹೀಗಿದೆ. ಕಾಲು 40×40 ಮಿ.ಮೀ. ಚೌಕ ಪೈಪ್, 2 ಮಿ.ಮೀ. ದಪ್ಪ. ಸಾಕೆಟ್‌ಗೆ 50×50 ಪೈಪ್, 4 ಮಿ.ಮೀ. ದಪ್ಪ, ಒಂದೊಂದು ತುಂಡು 250 ಮಿ.ಮೀ. ಉದ್ದ. 50ರಲ್ಲಿ ಎರಡು ಕಡೆಯ 4 ಕಳೆದರೆ ಒಳಗಿನ ಅಳತೆ 42. ಅಂದರೆ ಕಾಲಿನ ಸುತ್ತ ಒಂದೊಂದು ಮಿಲಿಮೀಟರ್ ಜಾಗ. ಇದಕ್ಕಿಂತ ಬಿಗಿ ಮಾಡಲು ಹೋಗಬೇಡಿ. ಪೈಪಿನ ಒಳಗೆ ಕಾರ್ಖಾನೆಯ ಬೆಸುಗೆ ಗೆರೆ ಉಬ್ಬಿಕೊಂಡಿರುತ್ತದೆ, ಕಾಲು ಅದಕ್ಕೆ ತಾಗುತ್ತದೆ. ಆ ಗೆರೆಯನ್ನು ಅರದಿಂದ ಉಜ್ಜಿ ತೆಗೆಯಿರಿ. ಬಣ್ಣಕ್ಕೂ ಸ್ವಲ್ಪ ಜಾಗ ಬೇಕು, ಅಲ್ವಾ?

ಇನ್ನು ಬೆಣೆ. ಸಾಕೆಟ್‌ನ ಅಕ್ಕಪಕ್ಕದ ಎರಡು ಮುಖಗಳಲ್ಲಿ ರಂಧ್ರ ಕೊರೆದು, ಹೊರಗಿನಿಂದ ಎಂ10 (10 ಮಿ.ಮೀ. ಬೋಲ್ಟಿನ) ನಟ್ ವೆಲ್ಡ್ ಮಾಡಿ. ಎದುರುಬದುರು ಮುಖಗಳಲ್ಲಿ ಅಲ್ಲ, ಒಂದೇ ಮೂಲೆಗೆ ಸೇರುವ ಎರಡು ಮುಖಗಳಲ್ಲಿ. ಆ ನಟ್‌ಗಳಿಗೆ ಬೋಲ್ಟ್ ಹಾಕಿ ಬಿಗಿದರೆ ಕಾಲು ಎದುರಿನ ಮೂಲೆಗೆ ಒತ್ತಿಕೊಂಡು ಕೂರುತ್ತದೆ. ಉದ್ದಕ್ಕೂ ಅಲ್ಲಾಡುವುದಿಲ್ಲ, ಅಡ್ಡಕ್ಕೂ ಅಲ್ಲಾಡುವುದಿಲ್ಲ. ಬೋಲ್ಟ್ ತುದಿ ಒತ್ತುವ ಕಡೆ ಕಾಲಿಗೆ 3 ಮಿ.ಮೀ. ತಗಡಿನ ಪಟ್ಟಿ ಬೇಕು, ಇಲ್ಲದಿದ್ದರೆ ತೆಳು ಪೈಪ್ ಗುಳಿ ಬೀಳುತ್ತದೆ. ಆದರೆ ಸಾಕೆಟ್ ಒಳಗೆ ಆ ಪಟ್ಟಿಗೆ ಜಾಗವಿಲ್ಲ. ಅದಕ್ಕೆ ನಾನು ಕಾಲಿನ ಆ ಮುಖದಲ್ಲಿ ಪಟ್ಟಿಯ ಅಳತೆಗೆ ಕಿಂಡಿ ಕತ್ತರಿಸಿ, ಪಟ್ಟಿಯನ್ನು ಮೇಲ್ಮೈಗೆ ಸಮನಾಗಿ ಕೂರಿಸಿ ವೆಲ್ಡ್ ಮಾಡಿದೆ. ತಾಳ್ಮೆ ಬೇಡುವ ಕೆಲಸ. ಆದರೂ ಬಿಡಬೇಡಿ. ಬೋಲ್ಟ್ ಮೇಲೆ ಇನ್ನೊಂದು ನಟ್ ಹಾಕಿ ಲಾಕ್ ಮಾಡಿ. ಇದೆಲ್ಲ ಆದ ಮೇಲೂ 12 ಮಿ.ಮೀ. ಅಡ್ಡ ಪಿನ್ ಇರಲೇಬೇಕು. ಬೋಲ್ಟ್ ಸಡಿಲವಾದರೂ ಕಾಲು ಮೇಲೆದ್ದು ಬರಬಾರದು.

ಸಾಕೆಟ್‌ನ ತಳದಲ್ಲಿ ನೀರು ಹೋಗಲು ರಂಧ್ರ ಬಿಡಿ. ರ್‍ಯಾಕ್ ಬಿಚ್ಚಿದಾಗ ಅದು ನಾಲ್ಕು ಲೋಟ ಇಟ್ಟ ಹಾಗೆ ಮಳೆಯಲ್ಲಿ ನಿಂತಿರುತ್ತದೆ.

ಟ್ರೇಲರ್‌ಗೇ ವೆಲ್ಡ್ ಮಾಡಬೇಕಿಲ್ಲ. ಸಾಕೆಟ್‌ಗಳನ್ನು 6 ಮಿ.ಮೀ. ಪ್ಲೇಟಿಗೆ ವೆಲ್ಡ್ ಮಾಡಿ, ಪ್ಲೇಟನ್ನು ಬಾಕ್ಸ್‌ನ ಹೊರಗಡೆ, ಮಡ್‌ಗಾರ್ಡ್‌ಗಳ ಹಿಂದೆ ಮುಂದೆ ಬೋಲ್ಟ್ ಹಾಕಿ. ಒಳಗೆ ಹಾಕಿದರೆ ಮಣ್ಣು ಎಳೆಯುವಾಗ ಸಲಿಕೆ ಪ್ರತಿ ಸಲ ತಾಗುತ್ತದೆ. ಕೆಳಗಿನ ಬೋಲ್ಟುಗಳು ಚಾಸಿಸ್‌ಗೇ, ಅಂದರೆ ಟ್ರೇಲರ್‌ನ ತಳದ ಚೌಕಟ್ಟಿಗೇ ಹೋಗಬೇಕು. ಬಾಕ್ಸ್‌ನ ಪಕ್ಕದ ತಗಡು ಭಾರ ಹೊರುವುದಿಲ್ಲ, ಸೀಳುತ್ತದೆ. ಚಾಸಿಸ್ ಪೈಪಿನ ಮೇಲ್ಮುಖ ಕೆಳಮುಖ ಕೊರೆಯಬೇಡಿ, ಭಾರವೆಲ್ಲ ಅಲ್ಲೇ ಬೀಳುವುದು. ಪಕ್ಕದ ಮುಖದ ಮಧ್ಯದಲ್ಲಿ ಕೊರೆಯಿರಿ. ಟೊಳ್ಳು ಪೈಪಿಗೆ ಬೋಲ್ಟ್ ಬಿಗಿದರೆ ಅಪ್ಪಚ್ಚಿಯಾಗುತ್ತದೆ, ಅದಕ್ಕೆ ಒಳಗೊಂದು ಗಟ್ಟಿ ಕೊಳವೆ ತುಂಡು ತೂರಿಸಿ ಅದರ ಮೂಲಕ ಬೋಲ್ಟ್ ಹಾಕಿ.

ಮೇಲಿನ ಚೌಕಟ್ಟು ಒಂದೇ ಡಬ್ಬದ ಹಾಗೆ ಬೇಡ. ಅದನ್ನು ಎತ್ತಲು ಮೂರು ಜನ ಬೇಕು. ಫುಟ್‌ಬಾಲ್ ಗೋಲ್ ಕಂಬದ ಹಾಗೆ ಎರಡು ಭಾಗ ಮಾಡಿ, ಮುಂದೊಂದು, ಹಿಂದೊಂದು. ಒಂದೊಂದು ಹತ್ತು ಕಿಲೋ ಒಳಗೇ ಇರುತ್ತದೆ. ಅವೆರಡನ್ನೂ ಸೇರಿಸಲು ಎರಡು ಉದ್ದ ಪೈಪ್, ಮಧ್ಯೆ ಟೆಂಟ್ ಕೂರಲು ಎರಡು ಅಡ್ಡ ಪೈಪ್, ಎಲ್ಲಾ ಬೋಲ್ಟಿನಲ್ಲೇ. ಟೆಂಟ್ ಇಳಿಸಿದ ಮೇಲೆ ನಾನೊಬ್ಬನೇ ಅರ್ಧ ಗಂಟೆಯಲ್ಲಿ ಬಿಚ್ಚುತ್ತೇನೆ. ಪ್ರತಿ ಮೂಲೆಗೂ ಓರೆ ಪಟ್ಟಿ ಬೇಕೇಬೇಕು. ಬ್ರೇಕ್ ಹಾಕಿದಾಗ ಟ್ರೇಲರ್ ನಿಲ್ಲುತ್ತದೆ, ಮೇಲಿನ 60 ಕಿಲೋ ಟೆಂಟ್ ಮುಂದಕ್ಕೆ ಹೋಗಲು ನೋಡುತ್ತದೆ. ಓರೆ ಪಟ್ಟಿ ಇಲ್ಲದ ಚೌಕಟ್ಟು ಆಗ ಬೆಂಕಿಪೊಟ್ಟಣದ ಹಾಗೆ ಓರೆಯಾಗುತ್ತದೆ.

ವೆಲ್ಡಿಂಗ್‌ನಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಬೆಸುಗೆ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಪೈಪನ್ನೂ ಎಳೆಯುತ್ತದೆ. ಗೋಲ್ ಕಂಬದ ಒಳಮೂಲೆಗೆ ವೆಲ್ಡ್ ಮಾಡಿದರೆ ಕಾಲುಗಳು ಒಳಕ್ಕೆ ವಾಲುತ್ತವೆ. ಒಂದೇ ಒಂದು ಡಿಗ್ರಿ ವಾಲಿದರೂ, 800 ಮಿ.ಮೀ. ಉದ್ದದ ಕಾಲಿನ ತುದಿ 14 ಮಿ.ಮೀ. ಒಳಗೆ ಬಂದಿರುತ್ತದೆ. ಆಮೇಲೆ ಅದು ಸಾಕೆಟ್‌ಗೆ ಇಳಿಯುವುದೇ ಇಲ್ಲ. ಆದ್ದರಿಂದ ಮೊದಲು ಕಾಲುಗಳನ್ನು ಸಾಕೆಟ್‌ನಲ್ಲೇ ನಿಲ್ಲಿಸಿ. ನಾಲ್ಕೂ ಕಡೆ ಒಂದು ಮಿಲಿಮೀಟರ್ ತಗಡಿನ ಚೂರು ತುರುಕಿ ಮಧ್ಯಕ್ಕೆ ತನ್ನಿ. ರಸಮಟ್ಟ ಇಟ್ಟು ನೋಡಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿಯಿರಿ, ಎರಡೂ ಅಳತೆ ಒಂದೇ ಬರಬೇಕು. ಆಮೇಲೆ ಬರೀ ಟ್ಯಾಕ್ (ಹಿಡಿದಿಡಲು ಚುಕ್ಕಿಯಷ್ಟು ಬೆಸುಗೆ) ಹಾಕಿ. ಬಿಚ್ಚುವ ಮೊದಲು ಕಾಲುಗಳ ತುದಿ ಹತ್ತಿರ ತಾತ್ಕಾಲಿಕವಾಗಿ ಒಂದು ಅಡ್ಡ ಪಟ್ಟಿ ಟ್ಯಾಕ್ ಮಾಡಿ. ಪೂರ್ತಿ ವೆಲ್ಡ್ ನೆಲದ ಮೇಲೆ ಮಲಗಿಸಿ ಮಾಡಿ. ಒಂದು ಮೂಲೆಗೆ ಸ್ವಲ್ಪ, ಎದುರು ಮೂಲೆಗೆ ಸ್ವಲ್ಪ, ತಣ್ಣಗಾಗಲು ಬಿಟ್ಟು ಮತ್ತೆ. ಪೂರ್ತಿ ಆರಿದ ಮೇಲೆ ಆ ಪಟ್ಟಿ ಕತ್ತರಿಸಿ.

2 ಮಿ.ಮೀ. ಪೈಪಿಗೆ ಮಿಗ್ ವೆಲ್ಡರ್ (ತಂತಿ ತಾನೇ ಹೊರಬರುವ ಮೆಷಿನ್) ಸುಲಭ. ರಾಡ್ ವೆಲ್ಡಿಂಗ್‌ನಲ್ಲಿ ಹೊಸಬರಿಗೆ ಪೈಪ್ ತೂತು ಬೀಳುತ್ತದೆ. ಗ್ಯಾಲ್ವನೈಸ್ಡ್ ಪೈಪ್ ತುಕ್ಕು ಹಿಡಿಯುವುದಿಲ್ಲ ಅಂತ ತರಲು ಮನಸ್ಸಾಗುತ್ತದೆ. ಆದರೆ ಅದನ್ನು ವೆಲ್ಡ್ ಮಾಡಿದಾಗ ಬರುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಕಪ್ಪು ಪೈಪ್ ತಂದು, ಕೊನೆಯಲ್ಲಿ ಜಿಂಕ್ ಪ್ರೈಮರ್ ಹೊಡೆಯಿರಿ. ಗ್ಯಾಲ್ವನೈಸ್ಡ್ ಮನೆಯಲ್ಲಿ ಬಿದ್ದಿದ್ದರೆ, ಬೆಸುಗೆ ಜಾಗದ ಸತುವನ್ನು ಉಜ್ಜಿ ತೆಗೆದು, ಬಯಲಲ್ಲೇ, ಹೊಗೆ ತಡೆಯುವ ಮಾಸ್ಕ್ ಹಾಕಿಕೊಂಡೇ ಮಾಡಿ.

ಈಗ ಎತ್ತರದ ಪ್ರಶ್ನೆ. ಕೆಳಗೆ ನಿಲ್ಲುವಷ್ಟು ಎತ್ತರ ದಯವಿಟ್ಟು ಬೇಡ. ಭಾರ ಮೇಲಕ್ಕೆ ಹೋದಷ್ಟೂ ತಿರುವಿನಲ್ಲಿ, ಅಡ್ಡಗಾಳಿಯಲ್ಲಿ ಟ್ರೇಲರ್ ಜಾಸ್ತಿ ವಾಲುತ್ತದೆ, ನಿಮ್ಮ ಸಾಕೆಟ್ ಮೇಲಿನ ಒತ್ತಡವೂ ಅಷ್ಟೇ ಹೆಚ್ಚುತ್ತದೆ. ನನ್ನದು ಬಾಕ್ಸ್ ಅಂಚಿನಿಂದ 300 ಮಿ.ಮೀ. ಮೇಲಿದೆ. ಹಿಂಬಾಗಿಲು ತೆಗೆದು ಎಸ್ಕಿ (ಐಸ್ ಡಬ್ಬ) ಎಳೆಯಲು ಅಷ್ಟು ಸಾಕು. ಅಡುಗೆ ಪಕ್ಕದಲ್ಲಿ ಟಾರ್ಪಾಲು ಕಟ್ಟಿ ಮಾಡಿಕೊಳ್ಳುತ್ತೇವೆ. ನೀರು, ಗ್ಯಾಸ್, ಡಬ್ಬಿ ಸಾಮಾನು ಎಲ್ಲ ಕೆಳಗೇ ಇರಲಿ.

ತೂಕದ ಲೆಕ್ಕ ಹಾಕಿ. 2 ಮಿ.ಮೀ. ಪೈಪ್ ಮೀಟರ್‌ಗೆ ಸುಮಾರು 2.3 ಕಿಲೋ, 3 ಮಿ.ಮೀ. ಆದರೆ 3.3. ನನಗೆ ಹಿಡಿದಿದ್ದು 14 ಮೀಟರ್ ಚಿಲ್ಲರೆ. ಸಾಕೆಟ್, ಪ್ಲೇಟ್, ಬೋಲ್ಟ್ ಸೇರಿ 45 ಕಿಲೋ ಆಯಿತು. ಇಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ಗೆ ಮಿತಿ 750 ಕಿಲೋ. ಟ್ರೇಲರ್, ರ್‍ಯಾಕ್, ಟೆಂಟ್, ಸಾಮಾನು ಎಲ್ಲ ಅದರೊಳಗೇ ಬರಬೇಕು. ಟ್ರೇಲರ್ ಪ್ಲೇಟ್ ಮೇಲೆ ಎಟಿಎಂ (ಸಾಮಾನು ಸೇರಿ ಟ್ರೇಲರ್ ಇರಬಹುದಾದ ಗರಿಷ್ಠ ತೂಕ) ಅಂತ ಬರೆದಿರುವ ತೂಕ ನೋಡಿ, ಕಾರ್ ಪುಸ್ತಕದಲ್ಲೂ ನೋಡಿ, ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಟೋ ಬಾಲ್ (ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡು) ಮೇಲೆ ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಬೀಳಬೇಕು. ಮನೆಯ ತೂಕದ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಕಪ್ಲಿಂಗ್ (ಆ ಗುಂಡಿಗೆ ಕೂರುವ ಟ್ರೇಲರ್‌ನ ಮೂತಿ) ಅದರ ಮೇಲೆ ಇಳಿಸಿದರೆ ಗೊತ್ತಾಗುತ್ತದೆ. ಕಡಿಮೆ ಬಂದರೆ ಟೆಂಟನ್ನು ಒಂದು ಗೇಣು ಮುಂದಕ್ಕೆ ಸರಿಸಿ. ಹಿಂಭಾರದ ಟ್ರೇಲರ್ ಹೆದ್ದಾರಿಯಲ್ಲಿ ಹಾವಿನ ಹಾಗೆ ಹೊರಳುತ್ತದೆ.

ಮಲಗುವ ಮೊದಲು ಟ್ರೇಲರ್‌ನ ಹಿಂದಿನ ಎರಡು ಮೂಲೆಗೆ ಊರುಗಾಲು ಇಳಿಸಿ, ಕಾರಿನಿಂದ ಕಳಚಬೇಡಿ. ಆಕ್ಸಲ್‌ನ ಹಿಂದೆ ಯಾರಾದರೂ ಏಣಿ ಹತ್ತಿದರೆ ಮೂತಿ ಮೇಲೆದ್ದುಬಿಡುತ್ತದೆ.

ಮೊದಲ 50 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಎಲ್ಲಾ ಬೋಲ್ಟ್ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಮಣ್ಣು ರಸ್ತೆ ಇದ್ದರೆ ಪ್ರತಿ ಸಲ ಇಳಿದಾಗಲೂ ನೋಡಿ. ಇನ್ನೊಂದು, ನಾಲ್ಕು ಕಾಲುಗಳೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಆದರೆ ಒಂದರ ಸಾಕೆಟ್‌ಗೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಬಣ್ಣ ಹೊಡೆಯುವ ಮೊದಲೇ ಕಾಲಿಗೂ ಅದರ ಸಾಕೆಟ್‌ಗೂ ಸೆಂಟರ್ ಪಂಚ್‌ನಿಂದ ಒಂದು, ಎರಡು, ಮೂರು, ನಾಲ್ಕು ಚುಕ್ಕಿ ಹೊಡೆದಿಡಿ. ನಿಮ್ಮ ಚಾಸಿಸ್ ಆಂಗಲ್‌ದೋ (ಎಲ್ ಆಕಾರದ ಪಟ್ಟಿ) ಪೈಪಿನದೋ ಅಂತ ತಿಳಿಸಿದರೆ ಪ್ಲೇಟಿನ ರಂಧ್ರಗಳ ಅಳತೆ ಬರೆದು ಕೊಡುತ್ತೇನೆ.