ಏನು ಮಾಡಿದೆ? ಎಷ್ಟು ಸಲ?

ಲೇಖಕಿಯವರೇ, ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಕತೆಯನ್ನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಸಿಟ್ಟಿನಿಂದ. 'ಪ್ರಕಟಿಸಲಾಗುತ್ತಿಲ್ಲ, ಕ್ಷಮಿಸಿ' ಅಂತ ಒಂದು ಸಾಲು ಬರೆದು ಸುಮ್ಮನಾಗಬಹುದಿತ್ತು. ಮನಸ್ಸು ಕೇಳಲಿಲ್ಲ.

ಮುಂಬೈಯಲ್ಲಿ ಕೆಲಸ ಮಾಡಿಕೊಂಡು 17 ವರ್ಷ ಇಗರ್ಜಿಯ (ಚರ್ಚಿನ) ಕಡೆ ತಲೆ ಹಾಕದ ಹೆಂಗಸು ಮೊಂತಿ ಫೆಸ್ತಿಗೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ನಮ್ಮ ಕಡೆಯ ತೆನೆಹಬ್ಬಕ್ಕೆ, ಕಾರ್ಕಳದ ಹತ್ತಿರದ ತನ್ನ ಊರಿಗೆ ಬರುತ್ತಾಳೆ. ಹಬ್ಬದ ಹಿಂದಿನ ಸಂಜೆ ಕುಮ್ಸಾರಿನ (ಪಾದ್ರಿಯ ಮುಂದೆ ಗುಟ್ಟಾಗಿ ಪಾಪ ಒಪ್ಪಿಕೊಳ್ಳುವ) ಸಾಲಿನಲ್ಲಿ ನಿಲ್ಲುತ್ತಾಳೆ, ಪಾಪ ಹೇಳಿಕೊಳ್ಳುತ್ತಾಳೆ, ಅಳುತ್ತಾಳೆ, ಹಗುರಾಗುತ್ತಾಳೆ. ಇಷ್ಟೇ ಕತೆ, ಒಳ್ಳೆಯ ಕತೆಯೇ. ಭಾಷೆ ಸರಾಗವಾಗಿದೆ. ಮೊಣಕಾಲೂರುವ ಹಲಗೆಯ ರೆಕ್ಸಿನ್ ಹರಿದು ತೆಂಗಿನ ನಾರು ಹೊರಗೆ ಇಣುಕಿದ್ದು ನಿಮ್ಮ ಕಣ್ಣಿಗೆ ಬಿದ್ದಿದೆ, ಸಂತೋಷ. ಮೊಂತಿ ಫೆಸ್ತಿನ ಊಟಕ್ಕೆ ಕೋಳಿ ಸಾರು ಬಡಿಸಿದ್ದೀರಿ. ಸೆಪ್ಟೆಂಬರ್ 8ರಂದು ನಮ್ಮ ಕಡೆ ಮನೆಯೊಳಗೆ ಮೀನೂ ಇಲ್ಲ, ಮಾಂಸವೂ ಇಲ್ಲ; ಹೊಸ ತೆನೆ, ತರಕಾರಿ, ಪಾಯಸ ಅಷ್ಟೇ. ಇರಲಿ, ಅದನ್ನು ಯಾರಾದರೂ ಓದುಗರು ಹೇಳಿಯಾರು. ನಾನು ಬಿಟ್ಟೆ.

ನನ್ನ ತಕರಾರು ಐದನೇ ಪುಟದ್ದು. ಅಲ್ಲಿ ಅವಳು ಹೇಳುತ್ತಾಳೆ: "ಫಾದರ್, ನಾನು ಮಾಡಬಾರದ್ದನ್ನೆಲ್ಲ ಮಾಡಿದೆ. ನಡೆಯಬಾರದ ದಾರಿಯಲ್ಲಿ ನಡೆದೆ. ನನ್ನ ಬದುಕೇ ಒಂದು ಪಾಪಕೂಪ."

ಒಂದೊಂದೇ ಮಾತು ನೋಡೋಣ. 'ಮಾಡಬಾರದ್ದನ್ನೆಲ್ಲ' ಅಂದರೆ ಏನು? ಕಳ್ಳತನವಾ? ಮದುವೆಯಾದವನ ಸಹವಾಸವಾ? ಅಪ್ಪ ಸಾಯುವಾಗ ರಜೆ ಸಿಗಲಿಲ್ಲ ಅಂತ ಸುಳ್ಳು ಹೇಳಿ ಊರಿಗೆ ಬರದೇ ಇದ್ದದ್ದಾ? (ಮೂರನೇ ಪುಟದಲ್ಲಿ ಅಪ್ಪನ ಫೋಟೊ ಕಂಡು ಅವಳು ತಲೆ ತಿರುಗಿಸುತ್ತಾಳಲ್ಲ, ಅದಕ್ಕೆ ಕೇಳಿದೆ.) 'ನಡೆಯಬಾರದ ದಾರಿ' ಯಾವುದು? ಮುಂಬೈಯಲ್ಲಿ ದಾರಿಗಳು ಬೇಕಾದಷ್ಟಿವೆ. ಇನ್ನು 'ಪಾಪಕೂಪ'. ಮೊಣಕಾಲು ಚುರುಗುಡುತ್ತಿರುವಾಗ, ಹಿಂದೆ ಯಾರೋ ಕೆಮ್ಮುತ್ತಿರುವಾಗ ಅಂಥ ಶಬ್ದ ಯಾರ ಬಾಯಿಗೂ ಬರುವುದಿಲ್ಲ. ಅದು ಅವಳ ಮಾತಲ್ಲ, ನಿಮ್ಮದು.

ಇಷ್ಟು ಹೇಳಿದರೆ ಜಾಲರಿಯ ಆಚೆ ಕೂತ ಫಾದರ್ ಕೂಡ ಒಪ್ಪುವುದಿಲ್ಲ. 1551ರಲ್ಲೇ ಕ್ಯಾಥೊಲಿಕ್ ಧರ್ಮಸಭೆಯ ಟ್ರೆಂಟ್ ಮಹಾಸಭೆ ಕಟ್ಟಳೆ ಮಾಡಿದೆ: ದೊಡ್ಡ ಪಾಪಗಳನ್ನು ಒಟ್ಟಾಗಿ ಗಂಟು ಕಟ್ಟಿ ಒಪ್ಪಿಸುವಂತಿಲ್ಲ, ಒಂದೊಂದಾಗಿ ಬಿಡಿಸಿ ಹೇಳಬೇಕು. ಎಂಥದ್ದು, ಎಷ್ಟು ಸಲ. ಲೆಕ್ಕ ಮರೆತಿದ್ದರೆ ಅಂದಾಜು ಸಾಕು, ಆದರೆ ಲೆಕ್ಕ ಬೇಕು. ಫಾದರ್ ಮೆಲ್ಲಗೆ ಕೇಳುತ್ತಾರೆ, "ಏನು ಮಾಡಿದೆ ಮಗಾ? ಎಷ್ಟು ಸಲ?" ನಿಮ್ಮ ಫಾದರ್ ಅದನ್ನು ಕೇಳದೆ ಒಂದೂವರೆ ಪುಟ ಪ್ರವಚನ ಕೊಟ್ಟಿದ್ದಾರೆ. ಹಬ್ಬದ ಹಿಂದಿನ ಸಂಜೆ, ಸಾಲಿನಲ್ಲಿ 40 ಜನ ನಿಂತಿರುವಾಗ!

ಚಿಕ್ಕಂದಿನಲ್ಲಿ ನನಗೆ ಈ ಲೆಕ್ಕದ್ದೇ ಭಯ. ಹೇಳಲು ಪಾಪವೇ ಇರುತ್ತಿರಲಿಲ್ಲ. 'ಮೂರು ಸಲ ಸುಳ್ಳು ಹೇಳಿದೆ, ಎರಡು ಸಲ ಬೆಲ್ಲ ಕದ್ದೆ' ಅಂತ ಸಾಲಿನಲ್ಲೇ ಕಟ್ಟಿಕೊಳ್ಳುತ್ತಿದ್ದೆ. ಪಾಪ ಹೇಳಿಕೊಳ್ಳಲು ಹೋಗಿ ಸುಳ್ಳು ಹೇಳಿ ಬರುತ್ತಿದ್ದೆ ಅನ್ನಿ.

ಮುಂದೆ ಪತ್ರಿಕೆಗೆ ಸೇರಿದ ಹೊಸತರಲ್ಲಿ ಮಲ್ಪೆಯಲ್ಲಿ ಗಾಳಿಮಳೆಯಾಯಿತು. ನಾನು ಹೋಗಿ ನೋಡಿ ಬಂದು 'ಮೀನುಗಾರರಿಗೆ ಅಪಾರ ನಷ್ಟ' ಅಂತ ಎರಡು ಪುಟ ಬರೆದೆ. ನಮ್ಮ ಮುಖ್ಯಸ್ಥರು ಕಡಲೆಕಾಯಿ ಸುಲಿಯುತ್ತ ಓದಿದರು. "ಎಷ್ಟು ದೋಣಿ?" ಗೊತ್ತಿರಲಿಲ್ಲ. "ಎಷ್ಟು ಬಲೆ?" ಅದೂ ಗೊತ್ತಿರಲಿಲ್ಲ. ಬಸ್ಸಿಗೆ ದುಡ್ಡು ಕೊಟ್ಟು ವಾಪಸ್ ಕಳಿಸಿದರು. ಮಾರನೇ ದಿನ ಮರಳಲ್ಲಿ ನಡೆದು ಎಣಿಸಿದೆ, 11 ದೋಣಿ. ಏಳನೆಯದರ ಹತ್ತಿರ ಒಬ್ಬ ಮುದುಕ ಹರಿದ ಬಲೆಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದ. ಹೆಂಡತಿಯ ಬಳೆ ಅಡವಿಟ್ಟು ತಂದ ಬಲೆ ಅಂದ. ಅಡವಿನ ಚೀಟಿಯನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿ ತೋರಿಸಿದ. ಅಚ್ಚಾಗಿದ್ದು ನಾಲ್ಕೇ ಸಾಲು. 'ಅಪಾರ' ಅನ್ನುವ ಶಬ್ದ ಅದರಲ್ಲಿರಲಿಲ್ಲ. ಆ ಮೇಲೆ ಎಷ್ಟೋ ವರ್ಷ ಆ ಶಬ್ದ ಕಂಡರೆ ಕಡಲೆಕಾಯಿ ಸಿಪ್ಪೆಯ ಸದ್ದು ಕೇಳುತ್ತಿತ್ತು.

ಎರಡನೆಯದು ಎಂಟನೇ ಪುಟ. ಹಬ್ಬದ ಊಟಕ್ಕೆ ಫಾದರ್ ಮನೆಗೆ ಬಂದು ತಾಯಿಗೆ ಹೇಳುತ್ತಾರೆ: "ನಿಮ್ಮ ಮಗಳು ನಿನ್ನೆ ಎಲ್ಲ ಹೇಳಿಕೊಂಡು ಅತ್ತಳು ಬಾಯ್, ಇನ್ನು ಚಿಂತೆ ಬೇಡ." ಇದನ್ನು ನೀವು ಮಮತೆಯ ಮಾತು ಅಂತ ಬರೆದಿದ್ದೀರಿ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕುಮ್ಸಾರಿನಲ್ಲಿ ಕೇಳಿದ್ದನ್ನು ಹೊರಗೆ ಬಾಯಿಬಿಡುವ ಪಾದ್ರಿಗೆ ಯಾರೂ ತೀರ್ಪು ಕೊಡಬೇಕಾಗಿಲ್ಲ, ಆ ಕ್ಷಣವೇ ಬಹಿಷ್ಕಾರ ತಾನಾಗಿ ಬೀಳುತ್ತದೆ. ಅದನ್ನು ತೆಗೆಯುವ ಅಧಿಕಾರ ರೋಮಿಗೆ ಬಿಟ್ಟದ್ದು. ತಾಯಿ ಹಾಗಿರಲಿ, ಹೊರಗೆ ಸಿಕ್ಕಾಗ ಪಾಪ ಹೇಳಿಕೊಂಡ ಮಗಳ ಹತ್ತಿರವೇ ಆ ವಿಷಯ ಎತ್ತಬೇಕಾದರೂ ಅವಳ ಒಪ್ಪಿಗೆ ಬೇಕು.

ನೀವು ಇಗರ್ಜಿಗೆ ಹೋಗುವವರೋ ಅಲ್ಲವೋ, ಅದು ನನಗೆ ಬೇಡ. ಆದರೆ ಇಂಥ ಬಾಯಿಕಟ್ಟು ಕೈಯಲ್ಲಿದ್ದೂ ಅದನ್ನು ಬಿಸಾಡಿದಿರಲ್ಲ, ಹೊಟ್ಟೆ ಉರಿಯಿತು. ತಾಯಿಯೇ ಕೇಳಲಿ, "ಮಗಳು ಕುಮ್ಸಾರಿಗೆ ಬಂದಿದ್ದಳಾ ಫಾದರ್?" ಫಾದರ್ ಮಗಳ ಕಡೆ ನೋಡದೆ, "ಈ ಸಲ ಅಲಸಂಡೆ ಚೆನ್ನಾಗಿ ಬಂದಿದೆ ಬಾಯ್, ಇನ್ನೊಂಚೂರು ಹಾಕಿ" ಅನ್ನಲಿ.

ಆರನೇ ಪುಟದ ಕೊನೆಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಪಶ್ಚಾತ್ತಾಪದ ಪ್ರಾರ್ಥನೆ ಮರೆತುಹೋಗಿ, ಎರಡನೇ ಕ್ಲಾಸಿನಲ್ಲಿ ಕಲಿತದ್ದು ಬಾಯಿಗೆ ಬರುತ್ತದೆ. 44 ವರ್ಷದ ಹೆಂಗಸು 'ಇನ್ನು ಮೇಲೆ ಅಪ್ಪ ಅಮ್ಮ ಹೇಳಿದ ಮಾತು ಕೇಳುತ್ತೇನೆ' ಅನ್ನುತ್ತಾಳೆ. ಈ ಕಾಗದ ಬರೆಯಲು ಕೂತದ್ದೇ ಆ ಸಾಲಿನಿಂದ.

ತಿದ್ದಿ ಕಳಿಸಿ, ಅವಸರವೇನಿಲ್ಲ. ಅಂದಹಾಗೆ ಎರಡನೇ ಪುಟದಲ್ಲಿ 17 ವರ್ಷ ಅಂದಿದ್ದೀರಿ, ಒಂಬತ್ತನೇ ಪುಟದಲ್ಲಿ 19. ಯಾವುದು ಸರಿ? 'ಕೊನೆಯ ಕುಮ್ಸಾರ್ ಯಾವಾಗ' ಅಂತ ಫಾದರ್ ಮೊದಲು ಕೇಳುವುದೇ ಅದನ್ನು.