ಗ್ರಾನೈಟ್ ಸುತ್ತ ಚಿನ್ನ ಬಂದು ಕೂರುವುದು ಹೇಗೆ?

ಕರಗಿದ ಕಲ್ಲು ನೆಲದೊಳಗೆ ನುಗ್ಗಿ ಆರಿ ಗ್ರಾನೈಟ್ ಆದ ಜಾಗದ ಸುತ್ತ ಚಿನ್ನ ಸಿಗುವುದು ಯಾಕೆ, ಕೋಲಾರದ್ದೂ ಹೀಗೇನಾ ಅಂತ ಕೇಳಿದ್ದೀರಿ. ಶಿಲಾರಸವೇ ಚಿನ್ನವಾಗಿ ಗಟ್ಟಿಯಾಗುತ್ತದೆ ಅಂತ ಭೂವಿಜ್ಞಾನ ಓದುವ ಮೊದಲು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಚಿನ್ನವನ್ನು ಹೊತ್ತು ತರುವುದು ನೀರು.

ಶಿಲಾರಸದಲ್ಲಿ ಶೇಕಡಾ ನಾಲ್ಕೈದರಷ್ಟು ನೀರು ಬೆರೆತಿರುವುದುಂಟು. ಅದು ಆರುತ್ತಾ ಹರಳುಗಟ್ಟಿದಾಗ ಬೆಣಚು, ಫೆಲ್ಡ್‌ಸ್ಪಾರ್ ಹರಳುಗಳೊಳಗೆ ಈ ನೀರಿಗೆ ಜಾಗವಿಲ್ಲ. ಗಂಧಕ, ಕ್ಲೋರಿನ್, ಚೂರುಪಾರು ಚಿನ್ನ ಎಲ್ಲವನ್ನೂ ಎಳೆದುಕೊಂಡು ಹೊರಬೀಳುತ್ತದೆ. ಒತ್ತಡಕ್ಕೆ ಸುತ್ತಲಿನ ಬಂಡೆ ಬಿರಿಯುತ್ತದೆ. ಆ ಬಿರುಕುಗಳೇ ಅದಕ್ಕೆ ದಾರಿ.

ಸುಮ್ನೆ ಬಿಸಿನೀರಿಗೆ ಚಿನ್ನ ಜಾಸ್ತಿ ಕರಗುವುದಿಲ್ಲ, ಗಂಧಕದ ಜೊತೆ ಬೇಕು. ಆ ಜೊತೆ ತಪ್ಪಿದ ಕಡೆ ಚಿನ್ನ ಕೂತುಬಿಡುತ್ತದೆ. ಮೇಲೆ ಬರುತ್ತಾ ಒತ್ತಡ ಇಳಿದು ನೀರು ಕುದಿದರೆ ಗಂಧಕ ಅನಿಲವಾಗಿ ಹಾರಿಹೋಗುತ್ತದೆ. ಇಲ್ಲವೇ ಕಬ್ಬಿಣದ ಅಂಶವಿರುವ ಬಂಡೆ ಸಿಕ್ಕರೆ ಗಂಧಕ ಆ ಕಬ್ಬಿಣಕ್ಕೆ ಅಂಟಿಕೊಂಡು ಪೈರೈಟ್ ಎಂಬ ಖನಿಜ ಆಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪಪುವಾ ನ್ಯೂಗಿನಿಯ ಲಿಹಿರ್ ದ್ವೀಪಕ್ಕೆ ಹೋಗಬೇಕು. ಕುಸಿದ ಜ್ವಾಲಾಮುಖಿಯ ಬಾಯೊಳಗೇ ಅಲ್ಲಿ ಗಣಿ ಇದೆ. ತಳದ ಬಿಸಿ ಇನ್ನೂ ಆರಿಲ್ಲ. ಆ ಹಬೆಯಿಂದ ಗಣಿಯವರು ಕರೆಂಟನ್ನೂ ತೆಗೆದಿದ್ದಾರೆ! ಸಿಮ್ಮನ್ಸ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ಅಲ್ಲಿ ಒಂದು ಕಿಲೋಮೀಟರಿಗೂ ಆಳದಿಂದ ನೀರು ಹಿಡಿದು ಪರೀಕ್ಷಿಸಿದರು. ಮೇಲೆ ಬಂದ ನೀರನ್ನು ಹಿಡಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಚಿನ್ನ ದಾರಿಯಲ್ಲೇ ಉದುರಿರುತ್ತದೆ, ಅಲ್ವಾ? 2006ರಲ್ಲಿ ಅವರು ಕೊಟ್ಟ ಲೆಕ್ಕ ಹೀಗಿದೆ: ಒಂದು ಟನ್ ನೀರಿನಲ್ಲಿ ಸುಮಾರು 15 ಮಿಲಿಗ್ರಾಂ ಚಿನ್ನ. ಏನೂ ಅಲ್ಲ ಅನಿಸುತ್ತದೆ. ಆದರೆ ವರ್ಷಕ್ಕೆ ಸುಮಾರು 24 ಕೆಜಿ ಚಿನ್ನ ಆಳದಿಂದ ಬರುತ್ತಿದೆ. ಈ ವೇಗದಲ್ಲೇ ಹೋದರೂ ಅಲ್ಲಿನ ಇಡೀ ನಿಕ್ಷೇಪ ತುಂಬಲು ಸುಮಾರು 55,000 ವರ್ಷ ಸಾಕು. ಭೂಮಿಯ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯ ಮಾತು. ಹಾಗಂತ ಅಲ್ಲಿನ ಕಲ್ಲು ಒಡೆದರೆ ಹಳದಿ ಹೊಳೆಯುವುದಿಲ್ಲ. ಚಿನ್ನದ ಬಹುಪಾಲು ಪೈರೈಟ್ ಒಳಗೆ ಅಡಗಿದೆ.

ಇನ್ನು ಕೋಲಾರ. ಅಲ್ಲೂ ಚಿನ್ನ ತಂದದ್ದು ಬಿಸಿನೀರೇ, ಆದರೆ ನೀರಿನ ಮೂಲ ಬೇರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಹಳೆಯ ಲಾವಾ ಬಂಡೆಗಳು ಆಳದಲ್ಲಿ ಒತ್ತಿ, ಬೆಂದು, ಬದಲಾಗುವಾಗ ಅವುಗಳಿಂದಲೇ ಹಿಂಡಿ ಬಂದ ನೀರು ಅದು ಎಂಬುದು ಹೆಚ್ಚಿನವರ ಅಭಿಪ್ರಾಯ. ಹಟ್ಟಿ ಚಿನ್ನದ ಗಣಿಯನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ.